ನಮ್ಮ ಮನೆತನದ ಲಿವರು

ಮನುಷ್ಯನ ದೇಹದಲ್ಲಿ ಯಕೃತ್ತಿನಷ್ಟು ಸಹನಶೀಲವಾದ, ಪ್ರಚಾರದ ಹಂಬಲವಿಲ್ಲದ ಅಂಗ ಮತ್ತೊಂದಿಲ್ಲ. ಹೃದಯಕ್ಕೆ ಕವಿಗಳಿದ್ದಾರೆ, ಕಣ್ಣಿಗೆ ಕಾಡಿಗೆಯಿದೆ, ಹೊಟ್ಟೆಗೆ ವರ್ಷಪೂರ್ತಿ ಹಬ್ಬಗಳಿವೆ. ಯಕೃತ್ತು ಮಾತ್ರ ಯಾರ ಹೊಗಳಿಕೆಗೂ ಕಾಯದೆ ಕತ್ತಲಲ್ಲಿ ದುಡಿಯುತ್ತಿರುತ್ತದೆ. ಇಷ್ಟನ್ನು ಇಷ್ಟು ಗಾಂಭೀರ್ಯದಿಂದ ಹೇಳುತ್ತಿರುವ ನಾನು ಅರವತ್ತು ದಾಟುವವರೆಗೂ ಅದು ಹೊಟ್ಟೆಯ ಎಡಗಡೆ ಇದೆಯೆಂದು ತಿಳಿದಿದ್ದೆ. ಅದು ಇರುವುದು ಬಲಗಡೆ. ತಿಳಿದುಕೊಂಡದ್ದರಿಂದ ಉಪಯೋಗವೇನೂ ಆಗಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಲಲಿತ ಅಂಗಳ ಗುಡಿಸುತ್ತಿದ್ದವಳು ಕಾಂಪೌಂಡು ಗೋಡೆಯ ಬುಡದಲ್ಲಿ ಬಗ್ಗಿ, ಏನನ್ನೋ ಬೇರುಸಹಿತ ಕಿತ್ತು, ನನ್ನ ಕುರ್ಚಿಯ ಪಕ್ಕದಲ್ಲೇ ಎಸೆದಳು. ನೆಲನೆಲ್ಲಿ. ಎತ್ತಿಕೊಂಡು ಎರಡು ಎಲೆ ಅಂಗೈಯಲ್ಲಿ ತಿಕ್ಕಿ ಮೂಸಿದೆ. ಹಸಿ ಮಣ್ಣಿನದೂ ಕಹಿಯದೂ ಬೆರೆತ ವಾಸನೆ. ನಮ್ಮ ಸೀಮೆಯಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದು ಗೊತ್ತಾದರೆ ಸಾಕು, ಅದುವರೆಗೆ ಮಾತು ಬಿಟ್ಟಿದ್ದ ದಾಯಾದಿಗಳೂ ಒಂದು ಹಿಡಿ ನೆಲನೆಲ್ಲಿ ಕಿತ್ತುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಮ್ಮಣ್ಣನ ಕೊನೆಯ ವರ್ಷದಲ್ಲಿ ಶಿಡ್ಲಘಟ್ಟದ ಅವನ ಮನೆಯ ಜಗಲಿಯ ಮೇಲೆ ಬಂದು ಬಿದ್ದ ನೆಲನೆಲ್ಲಿಯನ್ನು ಒಟ್ಟು ಮಾಡಿದ್ದರೆ ಒಂದು ಹಸುವಿಗೆ ವಾರದ ಮೇವಾಗುತ್ತಿತ್ತು. ಪೆರೇಸಂದ್ರದಿಂದ ಒಬ್ಬ ರೈತ ಸ್ಕೂಟರಿನ ಹಿಂದೆ ಗೋಣಿಚೀಲದಲ್ಲೇ ಕಟ್ಟಿಕೊಂಡು ಬಂದಿದ್ದ. ಆಸ್ಪತ್ರೆಯವರು ಗಿಡಮೂಲಿಕೆ ಏನೂ ಮುಟ್ಟಕೂಡದು ಎಂದಿದ್ದರಿಂದ ಅಣ್ಣ ಎಲ್ಲರಿಗೂ ಕೈಮುಗಿದು ಇಸಿದುಕೊಳ್ಳುತ್ತಿದ್ದ. ಅವರು ಬೀದಿ ತಿರುಗಿದ ಮೇಲೆ ಅತ್ತಿಗೆ ಹಿತ್ತಲಿಗೆ ಸುರಿಯುತ್ತಿದ್ದಳು.

ಅಣ್ಣನಿಗೆ ಇಷ್ಟೊಂದು ರೈತರ ಪರಿಚಯವಿದ್ದದ್ದು ಅವನು ರೇಷ್ಮೆ ಮೊಟ್ಟೆ ಮಾಡುತ್ತಿದ್ದುದರಿಂದ. ರೇಷ್ಮೆಯೆಂದರೆ ನಿಮಗೆ ಸೀರೆ ನೆನಪಾಗಬಹುದು, ಹೆಚ್ಚೆಂದರೆ ಹುಳ. ಹುಳಕ್ಕೂ ಹಿಂದೆ ಮೊಟ್ಟೆಯೊಂದಿದೆ. ಅದನ್ನು ಹಾಳೆಯ ಮೇಲೆ ಇಡಿಸಿ ರೈತರಿಗೆ ಕೊಡುವ ಬಿತ್ತನೆ ಕೋಠಿಯೊಂದನ್ನು ಅಣ್ಣ ಶಿಡ್ಲಘಟ್ಟದಲ್ಲಿ ಇಟ್ಟುಕೊಂಡಿದ್ದ. ಅಲ್ಲಿ ನಡೆಯುತ್ತಿದ್ದುದು, ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಮದುವೆ ಮಾಡಿಸುವ ಕೆಲಸ. ನಮ್ಮ ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಹೊರಗಿನ ಬಿಳಿಗೂಡಿನ ತಳಿಯ ಗಂಡು. ಎರಡೂ ತಳಿಗೆ ಬೇರೆ ಬೇರೆ ಕೋಣೆ. ಗೂಡು ಕತ್ತರಿಸಿ, ಒಳಗೆ ಮಲಗಿರುವ ಹುಳದ ಗಂಡು ಹೆಣ್ಣು ಗುರುತಿಸಿ, ಚಿಟ್ಟೆಯಾಗುವ ಮೊದಲೇ ಬೇರ್ಪಡಿಸಿ ಇಡಬೇಕು. ಒಂದು ಗಂಡು ತಪ್ಪಿಸಿಕೊಂಡು ತನ್ನ ತಳಿಯ ಹೆಣ್ಣನ್ನೇ ಸೇರಿಬಿಟ್ಟರೆ ಆ ಮೊಟ್ಟೆ ಕೆಟ್ಟಿತು. ಹುಡುಗಿಯರ ಹಾಸ್ಟೆಲಿನ ವಾರ್ಡನ್ನಿಗೂ ಇರಲಾರದ ಜಾಗ್ರತೆ ನಮ್ಮಣ್ಣನಿಗಿತ್ತು.

ಕೆಲವು ರೈತರು ಆಸೆಗೆ ಬಿದ್ದು ತಮ್ಮ ಬೆಳೆಯ ಗೂಡನ್ನೇ ಸ್ವಲ್ಪ ಉಳಿಸಿಕೊಂಡು ಮನೆಯಲ್ಲೇ ಮೊಟ್ಟೆ ಇಡಿಸುತ್ತಿದ್ದರು. ಬೆಳೆ ಹಾಳಾದ ಮೇಲೆ ಅಣ್ಣನ ಹತ್ತಿರ ಓಡಿ ಬರುವುದು. ಹಾಗೆ ಬಂದ ಮಂಡಿಕಲ್ಲಿನವನೊಬ್ಬನನ್ನು ಅಣ್ಣ ಅಂಗಳದಲ್ಲಿ ನಿಲ್ಲಿಸಿಕೊಂಡು ಬೈದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಒಂದೇ ಹೊಟ್ಟೇಲಿ ಹುಟ್ಟಿದ್ದು ಒಂದಕ್ಕೊಂದು ಕೂಡಿದ್ರೆ ಹುಳ ಸೊರಗ್ತದೆ ಅಂತ ಎಷ್ಟು ಸಲ ಬಡ್ಕೊಂಡಿದೀನಯ್ಯಾ! ಮೊದಲ್ನೇ ಬೆಳೇಲಿ ಗೊತ್ತಾಗಲ್ಲ. ನೋಡಕ್ಕೆ ದುಂಡಗೇ ಇರ್ತದೆ. ಆಮೇಲೆ ಗೂಡು ಕಟ್ಟೋ ಹೊತ್ತಿಗೆ ಮಕಾಡೆ ಮಲಗ್ತದೆ."

ರೈತ ತಲೆ ಕೆರೆದುಕೊಂಡ. "ಅದೆಲ್ಲಾ ಸರಿ ಸಾಮಿ. ಮತ್ತೆ ತಾವು ಅಕ್ಕನ ಮಗಳನ್ನೇ ಮಾಡ್ಕೊಂಡಿದೀರಲ್ಲ?"

"ಹುಳಕ್ಕೆ ಆಸ್ತಿ ಇಲ್ಲ ಕಣಯ್ಯ," ಎಂದ ಅಣ್ಣ, ಒಂದು ಕ್ಷಣವೂ ತಡೆಯದೆ.

ಎಲ್ಲರೂ ನಕ್ಕೆವು. ಮಜ್ಜಿಗೆ ತಂದಿದ್ದ ಅತ್ತಿಗೆ ಸುನಂದಾ, ಎಂದರೆ ಸದರಿ ಅಕ್ಕನ ಮಗಳು, ಎಲ್ಲರಿಗಿಂತ ಜೋರಾಗಿ ನಕ್ಕಳು.

ಇಲ್ಲಿ ನಮ್ಮ ಮನೆತನದ ಪದ್ಧತಿಯನ್ನು ನಿಮಗೆ ಹೇಳಬೇಕು. ನಮ್ಮಪ್ಪ ತನ್ನ ಅಕ್ಕನ ಮಗಳನ್ನು ಮದುವೆಯಾದ. ನಮ್ಮಣ್ಣ ತನ್ನ ಅಕ್ಕನ ಮಗಳನ್ನು ಮದುವೆಯಾದ. ಇದರಿಂದ ನಮ್ಮಜ್ಜಿ ನಮಗೆ ಸೋದರತ್ತೆಯೂ ಆಗಿದ್ದಳು. ಅಣ್ಣನ ಅತ್ತೆ ಅವನ ಸ್ವಂತ ಅಕ್ಕನೇ ಆಗಿದ್ದಳು. ಸುನಂದಾ ನನಗೆ ಅತ್ತಿಗೆಯಾದ ಮೇಲೂ ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. ಆಸ್ತಿಯ ಮಾತು ಬರಿಯ ಹಾಸ್ಯವಲ್ಲ, ಆದರೆ ಅದೊಂದೇ ಕಾರಣವೂ ಅಲ್ಲ. "ನಮ್ಮ ಮಗು ನಮ್ಮ ಕಣ್ಮುಂದೇನೇ ಇರ್ಲಪ್ಪ. ಯಾರೋ ಗೊತ್ತಿಲ್ದೋರ ಮನೇಲಿ ಒಂದು ಲೋಟ ನೀರಿಗೂ ಹೆದರ್ಕೊಂಡು ಯಾಕೆ ಬದುಕಬೇಕು?" ಎನ್ನುತ್ತಿದ್ದಳು ನಮ್ಮಮ್ಮ. ಅದರಲ್ಲಿ ಪ್ರೀತಿಯೇ ಇತ್ತು. ನಮ್ಮ ಮನೆಯ ಅನಾಹುತಗಳಲ್ಲಿ ಬಹುಪಾಲು ಪ್ರೀತಿಯಿಂದಲೇ ಆದವು.

ಅಕ್ಕನಿಗೆ ಒಬ್ಬ ಮಗ, ಒಬ್ಬಳೇ ಮಗಳು. ಅವಳು ಅಣ್ಣನ ಪಾಲಿಗೆ ಹೋದ ಮೇಲೆ, ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಆಗತಾನೆ ಗುಮಾಸ್ತನಾಗಿ ಸೇರಿದ್ದ ನನಗೆ ಹೆಣ್ಣು ಹೊರಗಿನಿಂದ ತರಬೇಕಾಯಿತು. ಗೌರಿಬಿದನೂರಿನ ಶಾಲಾ ಮೇಷ್ಟರೊಬ್ಬರ ಮಗಳು ಲಲಿತ, ನನಗಿಂತ ಹತ್ತು ವರ್ಷ ಚಿಕ್ಕವಳು. ಕುಳ್ಳಗೆ, ಸಣ್ಣಗೆ, ಮಾತಿನಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ನಮ್ಮಮ್ಮ ಅವಳನ್ನು ಹೆಸರು ಹಿಡಿದು ಕರೆದದ್ದೇ ಅಪರೂಪ. ಬೆನ್ನ ಹಿಂದೆ, ಕೆಲವು ಸಲ ಎದುರಿಗೇ, "ಹೊರಗಿನೋಳು". ಪಿತೃಪಕ್ಷದಲ್ಲಿ ಎಡೆಯ ಅಡಿಗೆಗೆ ಅವಳು ಕೈ ಹಚ್ಚುವಂತಿರಲಿಲ್ಲ. ಅದು ರಕ್ತದ ಹೆಂಗಸರ ಕೆಲಸವೆಂದು ನಮ್ಮಲ್ಲಿ ರೂಢಿ. ಲಲಿತ ಹೊರಗೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುತ್ತ, "ನಮ್ಮತ್ತೆಗೆ ನನ್ನ ಕೈ ಬೇಡ, ನಾನು ತುರಿದ ಕಾಯಿ ಪರವಾಗಿಲ್ಲ," ಎಂದು ಒಳಗಿನವರಿಗೆ ಕೇಳುವಷ್ಟೇ ಎತ್ತರದ ದನಿಯಲ್ಲಿ ಹೇಳುತ್ತಿದ್ದಳು.

ಇನ್ನು ಸಕ್ಕರೆ ಕಾಯಿಲೆ. ಅದು ನಮ್ಮ ಮನೆಗೆ ಅತಿಥಿಯಾಗಿ ಬಂದದ್ದಲ್ಲ, ಖಾತೆದಾರನಾಗಿಯೇ ಇದ್ದದ್ದು. ಅಪ್ಪನಿಗಿತ್ತು, ಅಮ್ಮನಿಗಿತ್ತು, ಅಕ್ಕನಿಗಿದೆ, ನನಗಿದೆ, ಸುನಂದಾಳಿಗಿದೆ. ಅಣ್ಣನಿಗೆ ನಲವತ್ತಕ್ಕೇ ಬಂತು. ದಪ್ಪಗಿರುವವರಿಗೆ ಬರುವ ರೋಗ ಇದು ಎಂದು ಓದಿದವರು ಹೇಳುತ್ತಾರೆ. ಅಣ್ಣನ ಅಂಗಿ ಮೊಳೆಗೆ ನೇತುಹಾಕಿದಾಗ ಹೇಗೆ ಕಾಣುತ್ತಿತ್ತೋ ಅವನ ಮೈಮೇಲಿದ್ದಾಗಲೂ ಹಾಗೆಯೇ ಕಾಣುತ್ತಿತ್ತು. ರಾಗಿಮುದ್ದೆ, ಸೊಪ್ಪಿನ ಸಾರು, ಸಕ್ಕರೆಯಿಲ್ಲದ ಕಾಫಿ. ಹೆಂಡ, ಬೀಡಿ, ಎಲೆಯಡಿಕೆ ಯಾವುದೂ ಇಲ್ಲ. ಇಷ್ಟೊಂದು ಒಳ್ಳೆಯತನದಿಂದ ಬದುಕುವವನನ್ನು ಕಂಡರೆ ತಮ್ಮನಾದ ನನಗೇ ಬೇಸರವಾಗುತ್ತಿತ್ತು.

ಅಂಥವನ ಕಾಲು ಊದಿಕೊಂಡಿತು. ಆಮೇಲೆ ಹೊಟ್ಟೆ. ಶಿಡ್ಲಘಟ್ಟದ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಕನ್ನಡಕ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದರು. "ಯಜಮಾನ್ರೇ, ಕುಡೀತೀರಾ?"

"ಇಲ್ಲ."

"ಈಗ ಬಿಟ್ಟಿರಬಹುದು. ಮುಂಚೆ?"

"ಮುಂಚೇನೂ ಇಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಕೋರ್ಟಿನಲ್ಲಿ ಜೀವಮಾನ ಕಳೆದ ನನಗೆ ಆ ನೋಟದ ಅರ್ಥ ಗೊತ್ತು. ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ, ನೀವಾದರೂ ನಿಜ ಹೇಳಿ ಎಂದು. ಚಿಕ್ಕಬಳ್ಳಾಪುರದ ಡಾಕ್ಟರೂ ಅದನ್ನೇ ಕೇಳಿದರು. ಬೆಂಗಳೂರಿಗೆ ಹೋದಾಗ ಹೆಸರು ಬರೆದುಕೊಂಡ ನರ್ಸೂ ಕೇಳಿದಳು. ಊರಿಗೆ ಸುದ್ದಿ ಹಬ್ಬಿತು. ಕೋಠಿಯ ಎದುರಿನ ಬೀದಿಯಲ್ಲಿ ಸಂಪಂಗಿ ಎಂಬ ಒಬ್ಬನಿದ್ದ, ಮಧ್ಯಾಹ್ನದಿಂದಲೇ ತೂರಾಡುತ್ತಿದ್ದವನು. ಅವನು ಒಂದು ದಿನ ಜಗಲಿ ಹತ್ತಿ ಬಂದು, ಅಣ್ಣನ ಕೈ ಹಿಡಿದುಕೊಂಡು, "ಅಣ್ಣಾ, ನಮ್ಗೆಲ್ಲ ಒಂದ್ ಮಾತೂ ಹೇಳ್ದೆ ಒಬ್ರೇ ಕುಡಿದ್ರಲ್ಲ ಇಷ್ಟು ವರ್ಷ! ಬಿಟ್ಬಿಡಿ ಅಣ್ಣಾ. ನನ್ನ ನೋಡಿ, ನಾಳೆಯಿಂದ ನಾನೂ ಬಿಡ್ತೀನಿ," ಎಂದು ಅತ್ತ.

ಅಣ್ಣ ಬಹಳ ಹೊತ್ತು ನಕ್ಕ. ಹೊಟ್ಟೆ ನೋಯುವವರೆಗೂ ನಕ್ಕ. ಅವನು ಅಷ್ಟು ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಕುಡಿಯುತ್ತೀರಾ ಎಂದು ಅವಳು ಕೇಳಲಿಲ್ಲ. ಒಂದಷ್ಟು ರಕ್ತ ತೆಗೆಸಿ ಎಲ್ಲಿಗೋ ಕಳಿಸಿ, ಕೆಲವು ವಾರ ಬಿಟ್ಟು ಕರೆಸಿಕೊಂಡಳು. ಎದುರಿಗೆ ಅಣ್ಣ, ಸುನಂದಾ, ಅವರ ಒಬ್ಬನೇ ಮಗ ಮಂಜು, ಮತ್ತು ಮನೆತನದ ಕಾನೂನು ಸಲಹೆಗಾರನಾದ ನಾನು.

"ಸಕ್ಕರೆ ಕಾಯಿಲೆ ಇರೋರಿಗೆ ಲಿವರ್‌ನಲ್ಲಿ ಕೊಬ್ಬು ಸೇರೋದು ಸಾಮಾನ್ಯ," ಎಂದಳು. "ಆ ಕೊಬ್ಬನ್ನ ಕರಗಿಸೋ ಕೆಲಸಕ್ಕೆ ಅಂತ ಒಂದು ಜೀನ್ ಇರುತ್ತೆ. ಕೆಲವರಲ್ಲಿ ಅದು ಸ್ವಲ್ಪ ಬೇರೆ ಥರ ಇರುತ್ತೆ, ಒಂದಕ್ಷರ ವ್ಯತ್ಯಾಸ ಅಂದ್ಕೊಳ್ಳಿ. ಆಗ ಕೊಬ್ಬು ಅಲ್ಲೇ ಕೂತುಬಿಡುತ್ತೆ, ಲಿವರ್ ನಿಧಾನವಾಗಿ ಗಟ್ಟಿಯಾಗುತ್ತೆ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡು ಪ್ರತಿ ಬರುತ್ತೆ. ಒಂದಾದ್ರೂ ಸರಿಯಿದ್ರೆ ಹೇಗೋ ನಡೆದುಹೋಗುತ್ತೆ. ಇವರಿಗೆ ಎರಡೂ ಹಾಗೇ ಬಂದಿದೆ. ಮೇಲೆ ಸಕ್ಕರೆ."

ಒಂದಕ್ಷರದ ವ್ಯತ್ಯಾಸದಿಂದ ಜಮೀನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆದ್ದರಿಂದ ನನಗೆ ವಿಷಯ ಬೇಗ ಅರ್ಥವಾಯಿತು. "ತಿದ್ದುಪಡಿಗೆ ಅವಕಾಶ ಇಲ್ವೇನಮ್ಮ?" ಎಂದೆ.

"ಇಲ್ಲ ಸರ್," ಎಂದಳು. ನಗಲಿಲ್ಲ. "ನಿಮ್ಮ ತಂದೆ ತಾಯಿ ಸಂಬಂಧಿಕರಾ?"

ನಾನು ಸ್ವಲ್ಪ ಹೆಮ್ಮೆಯಿಂದಲೇ ವಂಶವೃಕ್ಷ ಹೇಳಲು ಶುರುಮಾಡಿದೆ. ವಿಭಾಗದ ದಾವೆಗಳಲ್ಲಿ ಎಷ್ಟೋ ಮನೆತನಗಳ ವಂಶವೃಕ್ಷ ನೋಡಿ ಪಳಗಿದವನು. ಅವಳು ಪೆನ್ನಿನಲ್ಲಿ ಬರೆಯುತ್ತ ಹೋದಳು. ಸಂಬಂಧದೊಳಗೆ ಮದುವೆಯಾದ ಕಡೆ ಎರಡು ಗೆರೆ ಎಳೆಯುವುದು ಅವರ ಕ್ರಮವಂತೆ. ಎಳೆದಳು. ಮತ್ತೆ ಎಳೆದಳು. ಮರವೆಂದರೆ ಕೊಂಬೆಗಳು ಹೊರಕ್ಕೆ ಚಾಚಬೇಕು. ನಮ್ಮದು ತಿರುತಿರುಗಿ ಬಂದು ತನ್ನ ಕಾಂಡವನ್ನೇ ಹಿಡಿದುಕೊಂಡಿತ್ತು. ಅಣ್ಣ ಮೇಜಿನ ಆ ಕಡೆಯಿಂದ ಬಗ್ಗಿ ಅದನ್ನೇ ನೋಡುತ್ತಿದ್ದ. ಅವನ ಕಸುಬಿನವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

"ಯಾರ ತಪ್ಪೂ ಅಲ್ಲ ಇದು," ಎಂದಳು ಡಾಕ್ಟರಮ್ಮ. "ಹೊರಗೆ ಮದುವೆಯಾದವರ ಮಕ್ಕಳಿಗೂ ಬರುತ್ತೆ. ಸಂಬಂಧದಲ್ಲಾದ್ರೆ ಎರಡೂ ಪ್ರತಿ ಒಂದೇ ಕಡೆ ಸೇರೋ ಸಾಧ್ಯತೆ ಜಾಸ್ತಿ, ಅಷ್ಟೇ."

"ಗೊತ್ತು ತಾಯಿ," ಎಂದ ಅಣ್ಣ.

ಇದ್ದ ದಾರಿ ಒಂದೇ, ಬೇರೆಯವರ ಲಿವರಿನ ಒಂದು ತುಂಡು ಇವನಿಗೆ ಕೂಡಿಸುವುದು. ಸತ್ತವರದು ಸಿಗಬೇಕೆಂದರೆ ಸರದಿಯಲ್ಲಿ ಕಾಯಬೇಕು, ಹೆಸರು ಬರೆಸಿದೆವು. ಪಾಪಿ ಮನಸ್ಸು ಹೇಗಿರುತ್ತದೆ ನೋಡಿ: ಹೆದ್ದಾರಿಯಲ್ಲಿ ಅಪಘಾತವಾಯಿತೆಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನಾನು ಅಯ್ಯೋ ಎನ್ನುವ ಮೊದಲು ಫೋನಿನ ಕಡೆ ನೋಡುತ್ತಿದ್ದೆ. ಬದುಕಿದವರೂ ಕೊಡಬಹುದು. ಅರ್ಧ ಕೊಟ್ಟರೂ ಕೊಟ್ಟವರಲ್ಲಿ ಮತ್ತೆ ಬೆಳೆಯುತ್ತದೆ. ಇಷ್ಟು ಉದಾರವಾದ ಅಂಗವನ್ನು ಭಗವಂತ ಮನುಷ್ಯನಿಗೆ ಕೊಟ್ಟು, ಉದಾರತೆಯನ್ನು ಉಪಯೋಗಿಸಿಕೊಳ್ಳಲು ನಮ್ಮ ಮನೆತನಕ್ಕೆ ಮಾತ್ರ ಸೌಕರ್ಯ ಮಾಡಿರಲಿಲ್ಲ.

ಮೊದಲು ಮಂಜು. ಮೂವತ್ತರ ಹುಡುಗ, ಅಪ್ಪನ ಹಾಗೇ ಕಡ್ಡಿ. "ನಂದು ತಗೊಳ್ಳಿ ಮೇಡಂ, ಇವತ್ತೇ ತಗೊಳ್ಳಿ," ಎಂದು ಅಂಗಿ ಎತ್ತಿಕೊಂಡೇ ಸ್ಕ್ಯಾನಿಗೆ ಹೋದ. ಚಿತ್ರ ಬಂತು. ಅವನ ಲಿವರಿನಲ್ಲಿ ಆಗಲೇ ಕೊಬ್ಬು. ಕೊಬ್ಬಷ್ಟೇ ಅಲ್ಲ, ಗಟ್ಟಿಯಾಗುವುದಕ್ಕೂ ಶುರುವಾಗಿತ್ತು. ತೂಕ ಇಳಿಸಿದರೆ ಕೆಲವರಿಗೆ ಸರಿಹೋಗುತ್ತದೆ, ಇವನಲ್ಲಿ ಇಳಿಸಲು ಏನಿದೆ ಎಂದು ಡಾಕ್ಟರಮ್ಮ ಚಿತ್ರವನ್ನು ಲಕೋಟೆಗೆ ಹಾಕಿದಳು.

ಅಣ್ಣ ತನ್ನ ರೋಗದ ವಿಷಯ ಕೇಳಿದಾಗ ಅಲುಗಾಡಿದವನಲ್ಲ. ಇದನ್ನು ಕೇಳಿದವನೇ ಗೋಡೆಯ ಕಡೆ ತಿರುಗಿ ಮಲಗಿದ.

ಸುನಂದಾಳಿಗೆ ಸಕ್ಕರೆಯೂ ಇತ್ತು, ಕೊಬ್ಬೂ ಇತ್ತು. ನನಗೆ ಎರಡೂ ಇದ್ದು, ವಯಸ್ಸೂ ಮೀರಿತ್ತು. ಅಕ್ಕ ಎಪ್ಪತ್ತು ದಾಟಿದವಳು. ಅವಳ ಮಗನಿಗೆ ಸಕ್ಕರೆ, ಸೊಸೆಯೂ ನಮ್ಮ ರಕ್ತದವಳೇ. ನನಗೂ ಲಲಿತಳಿಗೂ ಮಕ್ಕಳಿಲ್ಲ. ಒಬ್ಬೊಬ್ಬರಾಗಿ ಆ ಯಂತ್ರದ ಕೆಳಗೆ ಮಲಗಿ ಎದ್ದೆವು. ಪ್ರತಿವಾದಿಗಳೆಲ್ಲರ ಮೇಲೂ ಒಂದೇ ತೀರ್ಪು. ಬೇರೆಯವರ ಮನೆಗಳಲ್ಲಿ, ರಕ್ತದವರು ಯಾರೂ ಆಗದಿದ್ದರೆ ಕೊನೆಗೆ ಹೆಂಡತಿಯಿರುತ್ತಾಳಂತೆ. ಅವಳು ಬೇರೆ ಊರಿನ, ಬೇರೆ ಅಜ್ಜ ಅಜ್ಜಿಯರ ಲಿವರು ಹೊತ್ತುಕೊಂಡು ಬಂದಿರುತ್ತಾಳೆ. ನಮ್ಮಣ್ಣನ ಹೆಂಡತಿ ತಂದದ್ದು ನಮ್ಮದೇ.

"ಮನೇಲಿ ಹೊರಗಿಂದ ಬಂದೋರು ಯಾರೂ ಇಲ್ವಾ?" ಎಂದು ಡಾಕ್ಟರಮ್ಮ ಕೇಳಿದಳು.

ಸುನಂದಾ ನನ್ನ ಮುಖ ನೋಡದೆ, "ಮಾವ, ಲಲಿತತ್ತೆ..." ಎಂದು ನಿಲ್ಲಿಸಿದಳು.

ಆ ಸಂಜೆ ಚಿಕ್ಕಬಳ್ಳಾಪುರಕ್ಕೆ ಬಂದು ಲಲಿತಳ ಎದುರಿಗೆ ಕೂತೆ. ಹೇಳುವುದನ್ನು ಬಸ್ಸಿನಲ್ಲಿ ಬಹಳ ಸೊಗಸಾಗಿ ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ ಎಲ್ಲ ಕಲಸಿಹೋಯಿತು. ಅವಳು ಹುರುಳಿಕಾಯಿ ಸೋಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಮದುವೆಯಾಗಿ ಬಂದಾಗಿನಿಂದ ಹೊರಗಿನೋಳು ಹೊರಗಿನೋಳು ಅಂದ್ರಲ್ಲ ನಿಮ್ಮೋರು. ಈಗ ಒಳಗಿಂದೇ ಬೇಕಾಯ್ತಾ?"

"ನೀನು ಆಗಲ್ಲ ಅಂದ್ರೆ ಯಾರೂ ಏನೂ ಅನ್ನಲ್ಲ ಕಣೇ."

"ಅಂತಾರೆ. ನಿಮ್ಮಕ್ಕ ಅಂತಾರೆ." ಇನ್ನೊಂದು ಕಾಯಿಯ ನಾರು ತೆಗೆದಳು. "ಭಾವ ಒಂದು ದಿನಾನೂ ಆ ಮಾತು ಅಂದಿಲ್ಲ ನನ್ನ. ಯಾವಾಗ ಹೋಗಣ?"

ನನಗೆ ಹಠಾತ್ತಾಗಿ ಮೈಯಲ್ಲಿ ಉತ್ಸಾಹ ಬಂದುಬಿಟ್ಟಿತು. ಗಂಡನ ಅಣ್ಣನೆಂಬವನು ಕಾನೂನಿನ ಕಣ್ಣಿಗೆ ಹತ್ತಿರದ ಸಂಬಂಧಿಯಲ್ಲ; ಅವಳು ಕೊಡಬೇಕಾದರೆ ಸಮಿತಿಯೊಂದರ ಮುಂದೆ ಹಾಜರಾಗಿ, ಇದು ಪ್ರೀತಿಯಿಂದ, ಬಲವಂತದಿಂದಲ್ಲ ಎಂದು ಒಪ್ಪಿಸಬೇಕು. ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಇದಕ್ಕಿಂತ ಏನು ಬೇಕು? ಲಲಿತಳ ರಕ್ತದ ಗುಂಪು ಹೊಂದುತ್ತದೆಂದು ಗೊತ್ತಾದ ದಿನವೇ ಅರ್ಜಿ ಬರೆಯಲು ಕೂತೆ. 'ಸದರಿ ಅರ್ಜಿದಾರಳು ತನ್ನ ಸ್ವಸಂತೋಷದಿಂದ' ಎಂದು ಆರಂಭಿಸಿ, ನನ್ನ ನೌಕರಿಯಲ್ಲಿ ಯಾವ ಅರ್ಜಿಯನ್ನೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ ಎನ್ನಿಸುವಂತೆ ಬರೆದೆ. ಸ್ಕ್ಯಾನಿನ ಕೋಣೆಯಿಂದ ಡಾಕ್ಟರಮ್ಮ ತಾನೇ ನಡೆದು ಬಂದು, "ಅಮ್ಮ, ನಿಮ್ಮ ಲಿವರ್ ತುಂಬ ಚೆನ್ನಾಗಿದೆ. ಒಂದು ಚೂರೂ ಕೊಬ್ಬಿಲ್ಲ," ಎಂದಾಗ ಲಲಿತ ನಾಚಿಕೊಂಡಳು. ಮದುವೆಯ ಹೊಸದರಲ್ಲಿ ನಮ್ಮ ಕಡೆಯವರು ಯಾರಾದರೂ ಅವಳನ್ನು ಹೊಗಳಿದ್ದರೆ ಹಾಗೆ ನಾಚುತ್ತಿದ್ದಳೋ ಏನೋ.

ಅಣ್ಣನ ಹಾಸಿಗೆಯ ಹತ್ತಿರ ಹೋಗಿ, "ಭಾವ, ಇನ್ಮೇಲೆ ನೀವು ಗೌರಿಬಿದನೂರು ಕಡೆಯೋರು. ನಮ್ಮ ಮೇಲೆ ಅಭಿಮಾನ ಇರ್ಲಿ," ಎಂದಳು. ಅವನು ನಕ್ಕ. ಸುನಂದಾ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಂದು ನಾವು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಸಕ್ಕರೆಯ ಖಾತೆದಾರರೆಲ್ಲ ಸೇರಿ, ಒಂದೊಂದು ಮೈಸೂರುಪಾಕು ತಿಂದೆವು.

ಆಮೇಲೆ ಅಳತೆ. ಕೊಡುವವರಲ್ಲಿ ಇಷ್ಟು ಉಳಿಯಬೇಕು, ತೆಗೆದುಕೊಳ್ಳುವವರಿಗೆ ಇಷ್ಟು ಸಿಗಬೇಕು ಎಂಬ ಲೆಕ್ಕವೊಂದಿದೆ. ಲಲಿತ ಕುಳ್ಳಿ, ಸಣಕಲಿ. ಅಣ್ಣ ತೆಳ್ಳಗಿದ್ದರೂ ಎತ್ತರದ ಆಳು. ಡಾಕ್ಟರಮ್ಮ ಎರಡು ಸಲ ಅಳೆಸಿದಳು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಆರೋಗ್ಯವಾಗಿದೆ. ಆದ್ರೆ ಚಿಕ್ಕದು. ನಿಮ್ಮ ಭಾವನಿಗೆ ಸಾಲುವಷ್ಟು ತೆಗೆದ್ರೆ ನೀವು ಉಳಿಯಲ್ಲ. ನೀವು ಉಳಿಯುವಷ್ಟು ಬಿಟ್ರೆ ಅವರಿಗೆ ಸಾಲಲ್ಲ."

"ಸ್ವಲ್ಪ ನೋಡಿ ತಾಯಿ," ಎಂದಳು ಲಲಿತ, ತರಕಾರಿಯವನ ಹತ್ತಿರ ಕೇಳುವ ಹಾಗೆ. "ಹೆಂಗಾದ್ರೂ ಸರಿಮಾಡಕ್ಕಾಗಲ್ವಾ?"

ಆಗಲಿಲ್ಲ. ಲಲಿತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಇಷ್ಟು ವರ್ಷಕ್ಕೆ ನಿಮ್ಮ ಮನೆಗೆ ಒಂದ್ಸಲ ಬೇಕಾದೆ. ಅದಕ್ಕೂ ಸಾಲ್ದೆ ಹೋದೆ," ಎಂದಳು. ನಾನು ಪಕ್ಕದಲ್ಲಿ ನಿಂತಿದ್ದೆ. ನನ್ನ ಅರ್ಜಿ ಜೇಬಿನಲ್ಲೇ ಇತ್ತು.

ಅಣ್ಣನಿಗೆ ಹೇಳಿದಾಗ ಅವನು ಲಲಿತಳಿಗೆ ಕೈಮುಗಿದ. ಆಮೇಲೆ ನನ್ನನ್ನು ಹತ್ತಿರ ಕರೆದು, ಮಂಜು ಎದುರಿಗಿರುವಾಗಲೇ ಹೇಳಿದ. "ನಂದಿರ್ಲಿ ಬಿಡೋ. ಇವನಿಗೆ ಹೊರಗಿಂದ ಹೆಣ್ಣು ತನ್ನಿ. ಯಾವ ಊರಾದ್ರೂ ಸರಿ, ಎಷ್ಟು ದೂರ ಆದ್ರೂ ಸರಿ. ಇವನ ಮಕ್ಕಳಿಗಾದ್ರೂ ಒಂದು ಪ್ರತಿ ಸರಿಯಾಗಿರೋದು ಸಿಗ್ಲಿ. ಇಷ್ಟು ಮಾಡ್ತೀನಿ ಅನ್ನು."

"ಮಾಡ್ತೀನಿ," ಎಂದೆ.

ಸರದಿಯಲ್ಲಿ ಅವನ ಹೆಸರು ಮೇಲಕ್ಕೆ ಬರಲೇ ಇಲ್ಲ. ಶಿಡ್ಲಘಟ್ಟಕ್ಕೆ ಕರೆತಂದೆವು. ಕೊನೆಕೊನೆಗೆ ಅವನಿಗೆ ಜನರ ಗುರುತು ತಪ್ಪುತ್ತಿತ್ತು. ನನ್ನನ್ನು ಮಂಡಿಕಲ್ಲಿನ ರೈತನೆಂದು ತಿಳಿದು, ಮನೆಯಲ್ಲೇ ಮೊಟ್ಟೆ ಇಡಿಸಿದೆಯಾ ಎಂದು ಬೈದ. ಆಷಾಢದಲ್ಲಿ ಹೋದ. ಕುಡಿತ ಬಿಡುತ್ತೇನೆಂದಿದ್ದ ಸಂಪಂಗಿ ಹೆಣಕ್ಕೆ ಹೆಗಲು ಕೊಟ್ಟ. ಅವನ ಲಿವರು ಚೆನ್ನಾಗಿಯೇ ಇದ್ದಿರಬೇಕು, ಈಗಲೂ ಓಡಾಡಿಕೊಂಡಿದ್ದಾನೆ.

ವರ್ಷ ತುಂಬಿದ ಮೇಲೆ ನಾನೂ ಲಲಿತಳೂ ಮಂಜುವಿಗೆ ಹೆಣ್ಣು ಹುಡುಕಲು ಹೊರಟೆವು. ಮೊದಲು ಗೌರಿಬಿದನೂರು, ಅವಳ ದೊಡ್ಡಪ್ಪನ ಮನೆಯ ಕಡೆ ಒಂದು ಹುಡುಗಿ. ಕಾಫಿ ಆಯಿತು, ಉಪ್ಪಿಟ್ಟು ಆಯಿತು. ಹುಡುಗಿಯ ತಾಯಿ ಕೇಳಿದಳು.

"ಹುಡುಗನ ಅಪ್ಪ ಲಿವರ್ ಹೋಗಿ ತೀರ್ಕೊಂಡ್ರಂತಲ್ಲ ಲಲಿತಾ. ಕುಡೀತಿದ್ರಾ?"

"ಒಂದು ತೊಟ್ಟೂ ಮುಟ್ಟಿದೋರಲ್ಲ ಅಕ್ಕ," ಎಂದಳು ಲಲಿತ ಹೆಮ್ಮೆಯಿಂದ.

ಆ ತಾಯಿಯ ಮುಖ ಬಾಡಿತು. "ಹಂಗಾದ್ರೆ ಕಷ್ಟ ಕಣಮ್ಮ. ಕುಡಿತ ಆಗಿದ್ರೆ ಅಪ್ಪನ ಜೊತೇಗೇ ಹೋಗ್ತಿತ್ತು. ಕುಡೀದೆ ಬಂದಿದೆ ಅಂದ್ರೆ ರಕ್ತದಲ್ಲೇ ಇರ್ಬೇಕಲ್ಲ?"

ಡಾಕ್ಟರಮ್ಮನಿಗೆ ಎಷ್ಟೋ ವಾರ ಹಿಡಿದದ್ದನ್ನು ಆ ಮಹಾತಾಯಿ ಒಂದು ಲೋಟ ಕಾಫಿಯಲ್ಲಿ ಕಂಡುಹಿಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಈ ಪ್ರಮೇಯವನ್ನು ಎಲ್ಲ ಮಗ್ಗುಲಿಂದಲೂ ಪರಿಶೀಲಿಸಿ ಒಂದು ನಿರ್ಧಾರಕ್ಕೆ ಬಂದೆ. ಮುಂದಿನ ಮನೆ ಬಾಗೇಪಲ್ಲಿಯ ಕಡೆಯದು. ಅಲ್ಲಿ ಅದೇ ಪ್ರಶ್ನೆ ಬಂದಾಗ, ನ್ಯಾಯಾಲಯದ ಉಪ್ಪು ತಿಂದ ನಾನು, ನೇರವಾಗಿ ಕೂತು, ಸ್ಪಷ್ಟವಾದ ದನಿಯಲ್ಲಿ, "ಹೌದು, ಕುಡೀತಿದ್ದ," ಎಂದೆ. ನಮ್ಮಣ್ಣ, ಕಾಫಿಗೆ ಸಕ್ಕರೆ ಹಾಕಿಕೊಳ್ಳದಿದ್ದವನು. ಲಲಿತ ತಲೆ ತಗ್ಗಿಸಿದಳು. ಹುಡುಗಿಯ ತಂದೆ ಎದ್ದು ನಿಂತು, ಕುಡುಕರ ಮನೆಗೆ ಹೆಣ್ಣು ಕೊಡುವ ವಾಡಿಕೆ ತಮ್ಮಲ್ಲಿಲ್ಲವೆಂದು ವಿನಯದಿಂದಲೇ ಹೇಳಿದ. ಆಮೇಲೆ ಇನ್ನೂ ಕೆಲವು ಮನೆಗಳಿಗೆ ಹೋದೆವು. ಕೆಲವು ಕಡೆ ನಿಜ ಹೇಳಿದೆವು, ಕೆಲವು ಕಡೆ ಸುಳ್ಳು. ಈ ನಡುವೆ ಮಂಜುವಿಗೆ ಸಕ್ಕರೆ ಕಾಣಿಸಿಕೊಂಡಿತು. ಅದು ಹೇಗೋ ನಮಗಿಂತ ಮೊದಲೇ ಆ ಮನೆಗಳನ್ನು ತಲುಪುತ್ತಿತ್ತು.

ಕೊನೆಗೆ, ನಾವು ಶಿಡ್ಲಘಟ್ಟದ ಮನೆಯಲ್ಲಿದ್ದಾಗ, ಚಿಂತಾಮಣಿಯಿಂದ ಅಕ್ಕ ಬಂದಳು. ಕಾಲು ನೋವು, ಆಟೋದಿಂದ ಇಳಿಸಲು ಇಬ್ಬರು ಬೇಕಾಯಿತು. ಕೂತವಳೇ, "ಊರೂರು ತಿರುಗಿದ್ದು ಸಾಕು ಕಣೋ," ಎಂದಳು. "ನನ್ನ ಮಗನ ಮಗಳಿದಾಳೆ. ಮಂಜು ಅಂದ್ರೆ ಅವಳಿಗೆ ಇಷ್ಟ. ಅತ್ತೇನ ನೋಡ್ಕೊಳ್ತಾಳೆ, ಇವನ ಪಥ್ಯ ನೋಡ್ಕೊಳ್ತಾಳೆ. ಕಾಯಿಲೆ ಅಂತ ನಮ್ಮ ಮಗೂನ ನಾವೇ ಬಿಟ್ಟುಬಿಟ್ರೆ ಇನ್ಯಾರು ಹಿಡ್ಕೊಳ್ತಾರೆ?"

"ಅಕ್ಕ, ಅಣ್ಣ ಹೇಳಿದ್ದು ನಿಂಗೊತ್ತು. ಬೇಕಾದ್ರೆ ಹುಡುಗಿ ರಕ್ತ ಒಂದ್ಸಲ ಪರೀಕ್ಷೆ ಮಾಡಿಸಣ."

"ಏಮಿರಾ, ಪರೀಕ್ಷೆ ಮಾಡಕ್ಕೆ ಅವಳೇನು ಹುಳದ ಮೊಟ್ಟೇನಾ? ಆಯ್ತು, ಮಾಡಿಸ್ತೀಯಾ. ಕೆಟ್ಟದ್ದು ಬಂತು ಅನ್ಕೋ. ಆಮೇಲೆ? ಬೇರೆ ಹೆಣ್ಣು ತರ್ತೀಯಾ? ಎಲ್ಲಿಂದ ತರ್ತೀಯಾ ಹೇಳು."

ನಾನು ಲಲಿತಳ ಕಡೆ ತಿರುಗಿದೆ. ಸುನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಆದರೆ ಬೇಡವೆನ್ನಲಿಲ್ಲ. ಲಲಿತ ಮಂಜುವಿನ ಕಡೆ ನೋಡಿದಳು. "ನೀನು ಹೇಳಪ್ಪ," ಎಂದಳು.

ಮಂಜು ಗೋಡೆಗೊರಗಿ ಕೂತಿದ್ದ. ಬಹಳ ಸುಸ್ತಾದವನ ದನಿಯಲ್ಲಿ, "ಚಿಕ್ಕಮ್ಮ, ನಂಗೆ ಗೊತ್ತು. ಆದ್ರೆ ಬೇಡ ಅನ್ನದೇ ಇರೋ ಮನೆ ಇದೊಂದೇ," ಎಂದ.

ಅಲ್ಲಿಂದ ಬಂದ ಮೇಲೆ ನಾನು ಬೆಳಗಿನ ಹೊತ್ತು ಹೀಗೆ ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕೂರುವುದು ಹೆಚ್ಚಾಗಿದೆ. ಕೆಲಸವಿಲ್ಲ. ಅಣ್ಣನಿಗೆ ಕೊಟ್ಟ ಮಾತಿನ ವಿಷಯ ಲಲಿತ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಮಾತ್ರೆಯ ಹೊತ್ತಾಯಿತೆಂದು ಅವಳು ನೀರು ತಂದಿಡುತ್ತಾಳೆ, ನಾನು ನುಂಗುತ್ತೇನೆ. ಶಿಡ್ಲಘಟ್ಟದಿಂದ ಸುನಂದಾ ಫೋನು ಮಾಡಿದರೆ ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತಾಳೆ.

ಹುಡುಗಿಯ ರಕ್ತ ಪರೀಕ್ಷೆ ಆಗಲಿಲ್ಲ. ಮಾಘದಲ್ಲಿ ಚಿಂತಾಮಣಿಯ ಒಂದು ಛತ್ರದಲ್ಲಿ ಮಂಜುವಿಗೂ ಅಕ್ಕನ ಮೊಮ್ಮಗಳಿಗೂ ಮದುವೆಯಾಯಿತು.